ಹೂವಿನ ಬೀಜವನ್ನು ಕಾದಿಡುವ ವಿಷಯವಾಗಿ

ಹೂವನ್ನು ಬೆಳೆಸುವ ಆಸೆಯು ನಮ್ಮ ಸ್ತ್ರೀಯರಲ್ಲಿ ಕುಂದಿಲ್ಲವೆಂಬುದು ಸಂತೋಷದ ಸಂಗತಿಯೇ ಸರಿ. ಅಂಗಳವಿಲ್ಲದ ಮನೆಗಳಲ್ಲಿಯೂ ಕಿಟಕಿಯ ಬಳಿ ಒಂದೆರಡು ಕುಂಡಗಳಿರುತ್ತವೆ. ಆದರೆ ವರ್ಷ ವರ್ಷವೂ ಬೀಜದ ಪೊಟ್ಟಣವನ್ನು ಕೊಂಡುತಂದು, ಹೂವು ಬಾಡಿದೊಡನೆ ಗಿಡವನ್ನು ಕಿತ್ತೆಸೆಯುವ ಪದ್ಧತಿಯನ್ನು ನಾವು ಮೆಚ್ಚಲಾರೆವು. ಇದು ಬರಿಯ ಹಣದ ಮಾತಲ್ಲ. ತಾಯಿಯ ಮನೆಯ ಹಿತ್ತಲಿನ ಹೂವು ಒಮ್ಮೆ ತಪ್ಪಿಹೋದರೆ ಅಂಗಡಿಯಲ್ಲಿ ಕೇಳಿ ಪಡೆಯಲಾಗದು.

ಬೀಜವನ್ನು ಕಾಯುವುದು ಕಷ್ಟವೆನ್ನುವವರುಂಟು. ಅದಕ್ಕೆ ಬೇಕಾದುದು ತಾಳ್ಮೆಯೊಂದೇ. ಮೊದಲನೆಯದಾಗಿ, ಉತ್ತಮವಾದ ಗಿಡದ ಹೂವನ್ನೇ ಬೀಜಕ್ಕೆ ಬಿಡತಕ್ಕದ್ದು. ಚೆಲುವಾದುದನ್ನೆಲ್ಲಾ ಮುಡಿಗೆ ಕೊಯ್ದು, ಉಳಿದ ಬಡಕಲು ಹೂವಿನಿಂದ ಒಳ್ಳೆಯ ಬೀಜವನ್ನು ನಿರೀಕ್ಷಿಸುವುದು ನ್ಯಾಯವೇ? ಚೆಂಡುಹೂವು ಗಿಡದಲ್ಲಿಯೇ ಒಣಗಬೇಕು. ಕರ್ಣಕುಂಡಲದ ಕಾಯಿಯಾದರೋ ಬಲಿತ ಮೇಲೆ ಮುಟ್ಟಿದರೆ ಸಿಡಿಯುವುದು. ಆದಕಾರಣ ಅದು ಉಬ್ಬುತ್ತಿರುವಾಗಲೇ ತೆಳುವಾದ ಬಟ್ಟೆಯನ್ನು ಸುತ್ತಿ ಕಟ್ಟಬೇಕು. ಅಂಗಡಿಯ ಸಂಕರ ಬೀಜದ ಗಿಡದಿಂದ ತೆಗೆದ ಬೀಜವು ತಾಯಿಯಂತೆಯೇ ಹೂ ಬಿಡುವುದೆಂಬ ಭರವಸೆಯಿಲ್ಲ; ಮನೆತನದ ಹಳೆಯ ತಳಿಗಳನ್ನೇ ಆರಿಸಿಕೊಳ್ಳುವುದು ಲೇಸು.

ಆಮೇಲೆ ಬೀಜವನ್ನು ಕಾಗದದ ಮೇಲೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಬೀಜದ ತೇವವು ಶೇಕಡ 1ರಷ್ಟು ತಗ್ಗಿದರೆ ಆಯುಸ್ಸು ಸುಮಾರಾಗಿ ಇಮ್ಮಡಿಯಾಗುವುದೆಂದು ಬಲ್ಲವರು ಲೆಕ್ಕ ಹೇಳುತ್ತಾರೆ. ನಾರ್ವೆ ದೇಶದ ಸ್ವಾಲ್ಬಾರ್ಡಿನಲ್ಲಿ 2008ರಲ್ಲಿ ತೆರೆದ ಬೀಜಭಂಡಾರದಲ್ಲಿಯೂ ಬೀಜಗಳನ್ನು ಒಣಗಿಸಿಯೇ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡುತ್ತಾರೆ. ನಮಗಾದರೋ ಬಿಗಿಯಾದ ಮುಚ್ಚಳದ ಸೀಸೆ, ತಂಪಾದ ಕಪಾಟು, ಹೆಸರು ತಾರೀಖುಗಳನ್ನು ಬರೆದ ಚೀಟಿ ಇಷ್ಟೇ ಸಾಕು. ಬಿತ್ತುವ ಮುಂಚೆ 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುವುವೆಂದು ನೋಡಬೇಕು. ಮೊಳೆತ ಸಸಿಗೆ ಬೆಳಕು ಧಾರಾಳವಾಗಿ ಬೀಳುವ ಕಿಟಕಿಯೇ ಯೋಗ್ಯ. ಮಬ್ಬಿನಲ್ಲಿ ಅದು ಸೊರಗಿ ಉದ್ದವಾಗುವುದು.

ನಾವೇ ಒಮ್ಮೆ ಆತುರಪಟ್ಟು, ತೇವವಾರದ ಬೀಜವನ್ನು ಸೀಸೆಯಲ್ಲಿ ತುಂಬಿದೆವು. ಅದಕ್ಕೆ ಬೂಷ್ಟು ಹಿಡಿದು, ಅಜ್ಜಿಯವರ ಕಾಲದಿಂದ ಬಂದಿದ್ದ ಕರ್ಣಕುಂಡಲವು ನಮ್ಮ ಮನೆಯಿಂದ ಇಲ್ಲವಾಯಿತು. ಒಂದು ಚಿಟಿಕೆಯಷ್ಟನ್ನು ನೆರೆಯವರಿಗೆ ಕೊಟ್ಟಿದ್ದರೆ ಅದನ್ನು ಮರಳಿ ಬೇಡಿ ತರಬಹುದಾಗಿತ್ತು. ಕೊಟ್ಟಿರಲಿಲ್ಲ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಒಬ್ಬೊಬ್ಬರೂ ಒಂದೊಂದು ಹೂವಿನ ಬೀಜವನ್ನು ಕಾಯಿರಿ. ಅದರಲ್ಲಿ ಅರ್ಧವನ್ನು ಗೆಳತಿಗೆ ಕೊಡಿರಿ. ತಂದೆತಾಯಿಗಳು ಸೀಸೆಯ ಮೇಲ್ವಿಚಾರಣೆಯನ್ನು ಹೆಣ್ಣುಮಕ್ಕಳಿಗೆ ಒಪ್ಪಿಸಲಿ. ಬರುವ ವರ್ಷದ ಹೂವಿಗೆ ಈ ವರ್ಷವೇ ದುಡಿಯುವ ಅಭ್ಯಾಸವು ಚಿಕ್ಕಂದಿನಲ್ಲಿಯೇ ಬರತಕ್ಕದ್ದು.