ಯೂರಿಯಾ ಚೀಲ ಮತ್ತು ಮರಳು ಮಣ್ಣಿನ ಲೆಕ್ಕ

2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳ ರೈತರು ಯೂರಿಯಾಕ್ಕಾಗಿ ಸಾಲುಗಟ್ಟಿ ನಿಂತರು. ದಾಸ್ತಾನು ಎಷ್ಟು, ಕೇಂದ್ರ ಕಳುಹಿಸಿದ್ದೆಷ್ಟು ಎಂಬ ಬಗ್ಗೆ ವಾಗ್ವಾದ ನಡೆಯಿತು. ಹೊಲಕ್ಕೆ ಎರಚಿದ ಯೂರಿಯಾದಲ್ಲಿ ಬೆಳೆಗೆ ದಕ್ಕುವುದೆಷ್ಟು ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಕೋಲಾರ, ತುಮಕೂರು ಸೀಮೆಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಈ ಪ್ರಶ್ನೆಯೇ ಮುಖ್ಯವಾದುದು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಮಣ್ಣಿಗೆ ಸೇರಿದ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗಿ, ಕೆಲವು ವಾರಗಳಲ್ಲಿ ನೈಟ್ರೇಟ್ ಆಗಿ ಮಾರ್ಪಡುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಡಲಾರವು. ಜೇಡಿಯೂ ಸಾವಯವ ಅಂಶವೂ ಕಡಿಮೆಯಿರುವಲ್ಲಿ ನೀರೂ ನಿಲ್ಲದು. ಒಂದು ಜೋರು ಮಳೆಗೆ ಗೊಬ್ಬರ ಬೇರಿಗೆ ಎಟುಕದಷ್ಟು ಆಳಕ್ಕಿಳಿಯುತ್ತದೆ. ರೈತನ ನಷ್ಟ ಅಲ್ಲಿಂದ ಊರಿನ ನೀರಿನ ನಷ್ಟವಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಈ ಮಿತಿ ಹೆಚ್ಚಾಗಿ ಮೀರಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವನ್ನೂ ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿ ಹೆಸರಿಸಿತು. ಚರಂಡಿ, ತಿಪ್ಪೆಗಳ ಪಾಲೂ ಅದರಲ್ಲಿದೆ. ಗೊಬ್ಬರದ ಪಾಲನ್ನು ಅಲ್ಲಗಳೆಯಲಾಗದು.

ಇದಕ್ಕೆ ಪರಿಹಾರ ನಮ್ಮ ಮಳೆಯ ಲೆಕ್ಕದಲ್ಲೇ ಇದೆ. ದಕ್ಷಿಣದ ಒಳನಾಡಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಒಂದಷ್ಟು ಮಳೆ ಬೀಳುತ್ತದೆ. ರಾಗಿ ಬಿತ್ತನೆಗೆ ಜುಲೈವರೆಗೂ ಕಾಯಬಹುದು. ನಡುವೆ ಬರಿದಾಗಿರುವ ಹೊಲದಲ್ಲಿ ಅಪ್ಸೆಣಬು, ಹುರುಳಿ ಅಥವಾ ಅಲಸಂದೆ ಬಿತ್ತಿದರೆ, ಇಳಿದುಹೋಗುವ ನೈಟ್ರೇಟನ್ನು ಅವು ಹೀರಿ ಕಾಯ್ದಿಡುತ್ತವೆ. ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನೂ ಸೇರಿಸುತ್ತವೆ. ಹೂವಾಡುವ ಹೊತ್ತಿಗೆ ಅವನ್ನು ಮಣ್ಣಿಗೆ ಮಗುಚಬೇಕು. ಎಳೆಯ ಗಿಡ ಬೇಗ ಕೊಳೆಯುವುದರಿಂದ ಆ ಬಳಿಕ ರಾಗಿ ಬಿತ್ತನೆ ಬಹಳ ತಡವಾಗಬಾರದು. ತಡವಾದರೆ ಕೂಡಿಟ್ಟದ್ದೂ ಮಳೆಯ ಪಾಲು. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೊ ಸಾರಜನಕದ ಶಿಫಾರಸಿದೆ. ಅದನ್ನು ಎರಡು ಕಂತಾಗಿ ಕೊಟ್ಟು, ಹಸಿರೆಲೆ ಚೆನ್ನಾಗಿ ಬಂದ ಹೊಲದಲ್ಲಿ ಎರಡನೆಯದನ್ನು ಪೈರಿನ ಬಣ್ಣ ನೋಡಿ ತಗ್ಗಿಸಬಹುದು. ಹೊದಿಕೆ ಬೆಳೆ ಗೊಬ್ಬರಕ್ಕೆ ಪೂರ್ಣ ಬದಲಿಯಲ್ಲ. ಅದನ್ನು ಉಳಿಸುವ ಸಾಧನ.

ಹಾಗಾದರೆ ರೈತರೇಕೆ ಬಿತ್ತುತ್ತಿಲ್ಲ? ಅವರಿಗೆ ತಿಳಿವಳಿಕೆಯಿಲ್ಲ ಎನ್ನುವುದು ಸೋಮಾರಿ ಉತ್ತರ. ಮುಂಗಾರುಪೂರ್ವ ಮಳೆ ಕೈಕೊಟ್ಟರೆ ಬೀಜ ವ್ಯರ್ಥ. ಹಸಿರು ಕಂಡಲ್ಲಿ ದನ ನುಗ್ಗುತ್ತದೆ. ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವನಿಗೆ ಮುಂದಿನ ವರ್ಷ ಆ ಭೂಮಿ ಸಿಗುವ ಭರವಸೆಯಿಲ್ಲ. ಬೇರೆಯವರ ಮಣ್ಣಿನ ಭವಿಷ್ಯಕ್ಕೆ ಆತ ಏಕೆ ಹಣ ಹೂಡಬೇಕು? ಇತ್ತ 2018ರಲ್ಲಿ 45 ಕಿಲೊ ಯೂರಿಯಾ ಚೀಲಕ್ಕೆ, ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟು, 242 ರೂಪಾಯಿ ನಿಗದಿಯಾಯಿತು. 2010ರ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿಯಿಂದ ಯೂರಿಯಾವನ್ನು ಹೊರಗಿಟ್ಟದ್ದೇ ಈ ಅಗ್ಗದ ಮೂಲ. ಪೋಲಾಗುವ ವಸ್ತುವನ್ನು ಅಗ್ಗವಾಗಿಸಿ, ಉಳಿಸುವ ವಸ್ತುವಿನ ಅಪಾಯವನ್ನೆಲ್ಲ ರೈತನ ಹೆಗಲಿಗೆ ಹೊರಿಸಿದ್ದೇವೆ.

ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯಲ್ಲಿ ಹಸಿರೆಲೆ ಬೀಜ ಬಂದದ್ದು ರಾಗಿ ಬಿತ್ತನೆ ಮುಗಿದ ಮೇಲೆ. ಕಡತದಲ್ಲಿ ಗುರಿ ಸಾಧನೆಯಾಗಿತ್ತು. ಹೊಲದಲ್ಲಿ ಏನೂ ಇರಲಿಲ್ಲ. ಆ ಕಡತಕ್ಕೆ ನಾನೂ ಸಹಿ ಹಾಕಿದ್ದೆ. ಬೀಜ ಭರಣಿ ಮಳೆಗೆ ಮೊದಲೇ ರೈತ ಸಂಪರ್ಕ ಕೇಂದ್ರ ತಲುಪಲಿ. ಮಳೆ ತಪ್ಪಿ ಹಾಳಾದರೆ ಅದರ ಬೆಲೆಯನ್ನು ಸರ್ಕಾರ ಭರಿಸಲಿ. ಗುತ್ತಿಗೆದಾರನಿಗೂ ಅದು ದೊರೆಯಲಿ. ಯೂರಿಯಾದ ಸಹಾಯಧನದ ಒಂದು ಸಣ್ಣ ಅಂಶ ಇದಕ್ಕೆ ಸಾಕು. ಚೀಲಗಳ ಸಂಖ್ಯೆಯನ್ನಷ್ಟೇ ಎಣಿಸುವ ಆಡಳಿತ, ಮಣ್ಣಿನಲ್ಲಿ ಉಳಿದದ್ದೆಷ್ಟು ಎಂಬುದನ್ನೂ ಎಣಿಸಲು ಕಲಿಯಬೇಕಾಗಿದೆ.