ಹಿರಿಯ ವಿಮಾನ ಪರಿಚಾರಕರ ಅಕಾಲ ನಿವೃತ್ತಿ

ವಿಮಾನಗಳಲ್ಲಿ ಬಹುಕಾಲ ಸೇವೆ ಸಲ್ಲಿಸಿರುವ ಪರಿಚಾರಕರೂ ಪರಿಚಾರಿಕೆಯರೂ ನೌಕರಿಯಲ್ಲಿ ನಿಲ್ಲುವರೋ, ಅವಧಿಗೆ ಮುನ್ನವೇ ನಿವೃತ್ತರಾಗುವರೋ ಎಂಬುದು ಅವರ ಮನೆವಾರ್ತೆಯ ವಿಷಯವೆಂದು ಕೆಲವರು ಭಾವಿಸಿರುವಂತೆ ತೋರುತ್ತದೆ. ಇದು ಸರಿಯಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಎಷ್ಟೋ ಮನೆಗಳ ಮಕ್ಕಳು ಇಂದು ಪರದೇಶಗಳಲ್ಲಿದ್ದಾರೆ. ಅವರನ್ನು ಕಾಣಲು ದೇವನಹಳ್ಳಿಯಲ್ಲಿ ವಿಮಾನವೇರುವ ವೃದ್ಧ ತಾಯಿತಂದೆಗಳು ತಮ್ಮ ಕ್ಷೇಮವನ್ನು ಒಪ್ಪಿಸುವುದು ಈ ಪರಿಚಾರಕರ ಕೈಗೇ.

ಏರ್ ಇಂಡಿಯಾದ ಹಿಂದಿನ ನಿಯಮದಂತೆ ಪರಿಚಾರಿಕೆಯು 35ನೆಯ ವಯಸ್ಸಿನಲ್ಲಿ, ಇಲ್ಲವೆ ಮೊದಲ ಸಲ ಗರ್ಭಿಣಿಯಾದೊಡನೆ ಕೆಲಸ ಬಿಡಬೇಕಾಗಿತ್ತು. 1981ರಲ್ಲಿ ಸುಪ್ರೀಂ ಕೋರ್ಟು ಗರ್ಭಧಾರಣೆಯ ನಿಯಮವನ್ನು ರದ್ದುಗೊಳಿಸಿತು. ಮುಂದೆ ವಯೋಮಿತಿಯೂ ಏರಿತು. ಹೀಗೆ ನ್ಯಾಯಾಲಯದ ಮೆಟ್ಟಿಲೇರಿ ಪಡೆದ ಹಕ್ಕನ್ನು ಇಂದು ನಿಯಮದ ಬಲದಿಂದಲ್ಲ, ಸಂಬಳದ ಕೊರತೆಯಿಂದ ಕಸಿಯಲಾಗುತ್ತಿದೆ. ಪರಿಚಾರಕರ ಆದಾಯದ ದೊಡ್ಡ ಭಾಗವು ಹಾರಾಟದ ಗಂಟೆಗಳನ್ನವಲಂಬಿಸಿದ ಭತ್ಯ. ಈ ಲೆಕ್ಕವನ್ನು ತುಸು ಬದಲಿಸಿದರೆ ಸಾಕು, ಯಾರನ್ನೂ ವಜಾ ಮಾಡದೆಯೇ ಹಿರಿಯರನ್ನು ಹೊರಗಟ್ಟಬಹುದು.

ನಮ್ಮ ನಗರವು ಇದನ್ನು ಕಣ್ಣಾರೆ ಕಂಡಿದೆ. ಇಲ್ಲಿಯ ಕಿಂಗ್‌ಫಿಷರ್ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರ ಅನೇಕ ತಿಂಗಳ ಸಂಬಳ ಬಾಕಿಯಿತ್ತು. 2014ರಲ್ಲಿ ಬೆಂಗಳೂರಿನಿಂದಲೇ ಹಾರಾಟವನ್ನಾರಂಭಿಸಿದ ಏರ್‌ಏಷ್ಯಾ ಇಂಡಿಯಾವು 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನಲ್ಲಿ ವಿಲೀನವಾಯಿತು. ಅದಕ್ಕೆ ಮುನ್ನ, ಆ ವರ್ಷದ ಮೇ ತಿಂಗಳಿನಲ್ಲಿ, ಹಿರಿಯರಿಗೆ ಕೆಳಗಿನ ಹುದ್ದೆ ಕೊಡಲಾಗುತ್ತಿದೆ, ವೇತನಕ್ರಮ ಬದಲಾಗಿದೆ ಎಂಬ ದೂರಿನೊಡನೆ ಎಕ್ಸ್‌ಪ್ರೆಸ್ಸಿನ ಪರಿಚಾರಕರು ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದರು. ಪ್ರಯಾಣಿಕರನ್ನು ನಡುದಾರಿಯಲ್ಲಿ ಬಿಡುವ ಈ ಮಾರ್ಗವನ್ನು ನಾವು ಅನುಮೋದಿಸಲಾರೆವು. ಆದರೆ 25 ಮಂದಿಯನ್ನು ಕೂಡಲೇ ವಜಾಗೊಳಿಸಿದ್ದೂ ವಿವೇಕವಾಗಿರಲಿಲ್ಲ. ಕೇಂದ್ರದ ಮುಖ್ಯ ಕಾರ್ಮಿಕ ಕಮಿಷನರರ ಮುಂದೆ ಮಾತುಕತೆಯಾದೊಡನೆ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಲಾಯಿತು. ಕೊನೆಗೆ ಆಡಬೇಕಾದ ಮಾತನ್ನು ಮೊದಲೇ ಆಡಿದ್ದರೆ ಪ್ರಯಾಣಿಕರಿಗೆ ಈ ಬವಣೆ ಇರುತ್ತಿರಲಿಲ್ಲ.

ಪೈಪೋಟಿ ಹೆಚ್ಚು, ಲಾಭ ಕಡಿಮೆ ಎಂದು ಕಂಪೆನಿಗಳು ಹೇಳುವುದುಂಟು. ಅದು ಸುಳ್ಳಲ್ಲ. ಆದರೆ ಅನುಭವವು ಕತ್ತರಿಸಿ ಉಳಿಸಬಹುದಾದ ಖರ್ಚಲ್ಲ. ಪರಿಚಾರಕರ ಮುಖ್ಯ ಕರ್ತವ್ಯ ಕಾಫಿ ಹಂಚುವುದಲ್ಲ. ಆಪತ್ತಿನಲ್ಲಿ ಜನರನ್ನು ಹೊರಗೆ ಸಾಗಿಸುವುದು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಉರಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಜೀವಸಹಿತ ಹೊರಬಂದರು. ಇಂತಹ ಶಿಸ್ತು ಹೊಸಬರಿಗೆ ಪುಸ್ತಕದಿಂದಷ್ಟೇ ಬಾರದು. ಜೊತೆಯಲ್ಲಿ ಹಾರಿ ತಿದ್ದುವ ಹಿರಿಯರು ಬೇಕು.

ಉಳಿತಾಯವುಳ್ಳವರು ಹೊರಟುಹೋಗುವರು, ಸಾಲವುಳ್ಳವರು ಮನಸ್ಸು ಮುರಿದು ಉಳಿಯುವರು. ಈ ಎರಡರಿಂದಲೂ ಪ್ರಯಾಣಿಕನಿಗೆ ಹಿತವಿಲ್ಲ. ಆದುದರಿಂದ ವಿಲೀನವಾದಾಗ ಸೇವಾಜ್ಯೇಷ್ಠತೆಯು ಉಳಿಯಬೇಕು. ನೆಲದ ಮೇಲೆ ಕಾಯುವ ವೇಳೆಯೂ ದುಡಿಮೆಯೆಂದು ಗಣಿತವಾಗಬೇಕು. ವೇತನಕ್ರಮವನ್ನು ಬದಲಿಸುವ ಮುನ್ನ ನೌಕರರೊಡನೆ ಸಮಾಲೋಚನೆ ನಡೆಯಬೇಕು. ಏರ್ ಇಂಡಿಯಾವನ್ನು 2022ರ ಜನವರಿಯಲ್ಲಿ ಖಾಸಗಿಯವರಿಗೆ ಒಪ್ಪಿಸಿದ ಮಾತ್ರಕ್ಕೆ ಸರಕಾರದ ಹೊಣೆ ತೀರಲಿಲ್ಲ. ಒಡೆತನವನ್ನು ಮಾರಬಹುದು, ಪ್ರಜೆಗಳ ರಕ್ಷಣೆಯ ಭಾರವನ್ನು ಮಾರಲಾಗದು. ಅಧಿಕಾರಿಗಳು ಇನ್ನೊಂದು ಮುಷ್ಕರಕ್ಕಾಗಿ ಕಾಯದೆ ಈಗಲೇ ಇತ್ತ ಗಮನ ಕೊಡುವರೆಂದು ನಂಬುತ್ತೇವೆ.