ಎತ್ತಿಗೆ ಜ್ವರ, ಪೀಕಾಗೆ ಬರೆ

ಪೀಕಾ ಅಂದ ಕೂಡಲೇ ನಿಮಗೆ ಪಿಕಾಚು ನೆನಪಾದರೆ ತಪ್ಪೇನಿಲ್ಲ, ನನಗೂ ಹಾಗೇ ಆಗಿತ್ತು. ಆದರೆ ನಾನು ಹೇಳಹೊರಟಿದ್ದು ಟಿಬೆಟ್ ಪ್ರಸ್ಥಭೂಮಿಯ ಹುಲ್ಲುಗಾವಲಲ್ಲಿ ಬಿಲ ತೋಡಿಕೊಂಡಿರುವ ನಿಜವಾದ ಪೀಕಾ ಬಗ್ಗೆ. ನೋಡೋಕೆ ಬಾಲವಿಲ್ಲದ ದುಂಡನೆಯ ಇಲಿ. ಆದರೆ ಇಲಿ ಅಲ್ಲ, ಮೊಲದ ದಾಯಾದಿ. ತೂಕ 150 ಗ್ರಾಂ ಆಸುಪಾಸು ಅಷ್ಟೇ.

ಚಳಿಗಾಲದಲ್ಲಿ ಅಲ್ಲಿ ಮೈನಸ್ 30 ಡಿಗ್ರಿವರೆಗೂ ಇಳಿಯುತ್ತೆ. ಆದರೂ ಇದು ಬಿಲದೊಳಗೆ ತಿಂಗಳುಗಟ್ಟಲೆ ನಿದ್ದೆ ಹೊಡೆಯಲ್ಲ. ಮತ್ತೆ ಬದುಕೋದು ಹೇಗೆ? ದೇಹದ ಶಕ್ತಿಯ ಖರ್ಚನ್ನು ಸುಮಾರು ಶೇ. 30ರಷ್ಟು ಇಳಿಸಿಕೊಂಡು, ಜೊತೆಗೆ ಯಾಕ್ ಸಗಣಿ ತಿಂದು! 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದ್ದು ಇದನ್ನೇ. ಮೂಗು ಮುರಿಯಬೇಡಿ, ಬದುಕೋ ಛಲ ಅಂದ್ರೆ ಇದು.

ಇಂಥ ಪ್ರಾಣಿಗೆ ಚೀನಾ ಸರ್ಕಾರ ಮಾಡಿದ್ದೇನು ಗೊತ್ತಾ? 1950ರ ದಶಕದ ಕೊನೆಯಿಂದ ದಶಕಗಟ್ಟಲೆ ವಿಷ ಹಾಕಿಸಿತು. ಪೀಕಾ ಹುಲ್ಲು ತಿನ್ನುತ್ತೆ, ನೆಲ ತೋಡಿ ಹಾಳು ಮಾಡುತ್ತೆ ಅನ್ನೋದು ಆರೋಪ. ಹುಲ್ಲು ತಿನ್ನೋದು ನಿಜವೇ. ಯಾಕ್, ಕುರಿ ಸಾಕುವವರ ಸಂಕಟವೂ ಸುಳ್ಳಲ್ಲ. ಆದರೆ ಜಾನುವಾರು ವಿಪರೀತ ಮೇಯ್ದು ಹುಲ್ಲು ಗಿಡ್ಡವಾದ ಕಡೆಯೇ ಪೀಕಾ ಹೆಚ್ಚೋದು. ಯಾಕಂದ್ರೆ ಬಯಲಾದ ಜಾಗದಲ್ಲಿ ನರಿ, ಗಿಡುಗ ದೂರದಿಂದಲೇ ಕಾಣುತ್ತವೆ. ಅಂದರೆ ಪೀಕಾ ಹೆಚ್ಚಿದ್ದು ರೋಗದ ಲಕ್ಷಣ, ರೋಗವಲ್ಲ.

ನಮ್ಮ ಕೆಲಸದಲ್ಲೂ ಇದೇ ಕಥೆ. ಒಮ್ಮೆ ನಮ್ಮ ಟೀಮಿನಲ್ಲಿ ಲಾಗ್ ತುಂಬ ಎರರ್ ಬರ್ತಿದೆ ಅಂತ ಆ ಎರರ್ ಮೆಸೇಜನ್ನೇ ತೆಗೆದು ಹಾಕಿದ್ದೆವು. ಲಾಗ್ ಸ್ವಚ್ಛವಾಯ್ತು. ಬಗ್ ಮಾತ್ರ ಹಾಗೇ ಇತ್ತು... ತೆಗೆದವನು ನಾನೇ, ಅದು ಬೇರೆ ವಿಷಯ :)

ವಿಷ ಹಾಕಿದ ಕಡೆಗೂ ಕೆಲವೇ ವರ್ಷಗಳಲ್ಲಿ ಪೀಕಾ ವಾಪಸ್ ಬರುತ್ತಿತ್ತು. ಇಲ್ಲದಿದ್ದಷ್ಟು ದಿನ ನಷ್ಟ ಯಾರಿಗೆ? ಅದರ ಬಿಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ, ಅದನ್ನೇ ನಂಬಿದ ಟಿಬೆಟ್ ನರಿಗೆ, ಗಿಡುಗಕ್ಕೆ. ಇನ್ನೊಂದು ವಿಷಯ, ಪೀಕಾ ಇರುವ ನೆಲದಲ್ಲಿ ಮಳೆನೀರು ಬೇಗ ಇಂಗುತ್ತೆ, ವಿಷ ಹಾಕಿದ ನೆಲದಲ್ಲಿ ಅಷ್ಟು ಇಂಗಲ್ಲ ಅಂತ 2015ರ ಅಧ್ಯಯನವೊಂದು ತೋರಿಸಿತು. ಹಳದಿ ನದಿ, ಯಾಂಗ್ಟ್ಸೆ, ಮೆಕಾಂಗ್ ಹುಟ್ಟೋದು ಇದೇ ಪ್ರಸ್ಥಭೂಮಿಯಲ್ಲಿ. ಹಾಗಾಗಿ ಇದು ಬರೀ ಪ್ರಾಣಿದಯೆಯ ಮಾತಲ್ಲ, ಕೆಳಗಿರುವವರ ನೀರಿನ ಮಾತೂ ಹೌದು.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಬಿದ್ದಿದ್ದು 150 ಗ್ರಾಂ ಜೀವಕ್ಕೆ. ಎಷ್ಟು ಜಾನುವಾರು, ಎಷ್ಟು ಹುಲ್ಲು ಅನ್ನೋ ಕಷ್ಟದ ಲೆಕ್ಕ ಮಾಡೋದಕ್ಕಿಂತ ವಿಷ ಹಾಕೋದು ಸುಲಭ ನೋಡಿ.

ನೀವೇನಂತೀರಿ?